ಮುಫ್ಲಿಸ್: ಸಣ್ಣ ಎಲೆಗಳ ಲೆಕ್ಕ

ನಮ್ಮ ಸೋದರಮಾವ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ನನ್ನ ಕೈಗಿಟ್ಟ ಸಾಮಾನಿನಲ್ಲಿ ಕೆಂಪು ರಟ್ಟಿನ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಮುಂದಿನಿಂದ ತೆರೆದರೆ ಭತ್ತದ ಚೀಲ, ತೌಡು, ಲಾರಿ ಬಾಡಿಗೆ, ಹಮಾಲಿ. ಹಿಂದಿನಿಂದ ತೆರೆದರೆ ಇಸ್ಪೀಟು. ಮೊದಲ ಸಾಲು 2-3-5. ಎರಡನೆಯದು 2-4-5. ಆಮೇಲೆ 2-3-6, 2-4-6 ಹೀಗೆ ಮೂರು ಮೂರು ಅಂಕಿಗಳ ಸಾಲುಗಳು ಹನ್ನೊಂದು ಪುಟ ನಡೆಯುತ್ತವೆ. ಎಣಿಸಿದೆ: 274 ಸಾಲು. ಪ್ರತಿ ಸಾಲಿನ ಬಲಕ್ಕೆ 60 ಎಂದು ಬರೆದು, ಕೊನೆಗೆ ಕೂಡಿ 16440 ಎಂದು ಎರಡು ಗೆರೆ ಎಳೆದಿದ್ದರು. ಗಿರಣಿಯ ಲೆಕ್ಕ ಮುಗಿಸುವಾಗ ಎಳೆಯುತ್ತಿದ್ದ ಹಾಗೆಯೇ.

ಆ ಪುಟಗಳ ತಲೆಯ ಮೇಲೆ ಒಂದೇ ಪದ: ಮುಫ್ಲಿಸ್.

ತೀನ್ ಪತ್ತಿ, ಅಂದರೆ ನಮ್ಮ ಕಡೆಯ ಮೂರೆಲೆ ಆಟ, ಗೊತ್ತಿಲ್ಲದವರು ಬಳ್ಳಾರಿ ಸೀಮೆಯಲ್ಲಿ ಕಡಿಮೆ. ಇಂಗ್ಲೆಂಡಿನ ಬ್ರ್ಯಾಗ್ ಆಟದ ಭಾರತೀಯ ಕೂಸು ಅದು. ಒಬ್ಬೊಬ್ಬರಿಗೆ ಮೂರು ಎಲೆ. ಮೂರೂ ಒಂದೇ ಆದರೆ ಟ್ರಯಲ್, ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ಒಂದೇ ಬಣ್ಣದ ಸೀಕ್ವೆನ್ಸ್, ಬರೀ ಸೀಕ್ವೆನ್ಸ್, ಕಲರ್, ಜೋಡಿ, ಏನೂ ಕೂಡದಿದ್ದರೆ ದೊಡ್ಡ ಎಲೆ. ಮುಫ್ಲಿಸ್ ಅಂದರೆ ಇದೇ ಆಟವನ್ನು ತಲೆಕೆಳಗು ಮಾಡಿ ಆಡುವುದು. ಎಲ್ಲರಿಗಿಂತ ಕೆಟ್ಟ ಎಲೆ ಬಂದವನು ಗೆಲ್ಲುತ್ತಾನೆ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಆಟ. ಆಡುವವರೂ ಬಹುಮಟ್ಟಿಗೆ ಇದನ್ನು ನಡುವೆ ಒಂದು ಸುತ್ತು ಎಂದು ಆಡುತ್ತಾರೆಯೇ ಹೊರತು ರಾತ್ರಿಯಿಡೀ ಅಲ್ಲ. ಹಂಚುವವನು "ಈ ಸಲ ಮುಫ್ಲಿಸ್" ಅಂದರೆ ಮುಗಿಯಿತು.

ಪದ ಅರಬಿಯದು. ದಿವಾಳಿಯೆದ್ದವನು ಎಂದರ್ಥ. ಅರಬಿಯಲ್ಲಿ ಫುಲೂಸ್ ಎಂದರೆ ತಾಮ್ರದ ಕಾಸು. ಬೆಳ್ಳಿಯೆಲ್ಲ ಹೋಗಿ ತಾಮ್ರ ಉಳಿದವನು ಮುಫ್ಲಿಸ್. ಪಾರಸಿ, ಉರ್ದು, ದಖ್ಖನಿ ಮಾರ್ಗವಾಗಿ ಅದು ನಮ್ಮ ಕಡೆ ಬಂತು. 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಈ ದತ್ತ ಮಂಡಲದಲ್ಲಿ ಜಮೀನು, ಕಂದಾಯ, ಕಚೇರಿಯ ಪದಗಳೆಲ್ಲ ಆ ಕಡೆಯವೇ ಆಗಿರುವಾಗ, ದಿವಾಳಿಯ ಪದವೂ ಅಲ್ಲಿಂದಲೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಎಲೆಗಳ ಹೆಸರಿನಲ್ಲಿ ಬೇರೆ ದೇಶವೇ ಇದೆ. ಕಳಾವರ್, ಆಟೀನ್ ಎನ್ನುವಾಗ ಡಚ್ಚರ ಕ್ಲಾವರ್, ಹಾರ್ಟನ್ ಕೇಳಿಸುತ್ತವೆ. ದಂಡು ಬೀಡುಬಿಟ್ಟಿದ್ದ, ಅದರ ಮಗ್ಗುಲಲ್ಲೇ ಕೌಲ್ ಬಜಾರ್ ಬೆಳೆದ ಬಳ್ಳಾರಿಯಂಥ ಊರಿನಲ್ಲಿ ಒಂದು ಇಸ್ಪೀಟ್ ಕಟ್ಟಿನೊಳಗೆ ಇಷ್ಟು ಭಾಷೆ ಸೇರಿಕೊಂಡಿದ್ದು ಸಹಜವೇ.

ತಲೆಕೆಳಗು ಮಾಡುವ ಯೋಚನೆ ಮಾತ್ರ ಇಲ್ಲಿಗೆ ಹೊಸದಲ್ಲ. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನ್‌ಗೆ ಕಳಿಸಿಕೊಟ್ಟನಲ್ಲ, ಆ ಗಂಜೀಫಾದಲ್ಲೇ ಇದು ಇದೆ. ಮೊಘಲ್ ಗಂಜೀಫಾದಲ್ಲಿ ಎಂಟು ಬಣ್ಣ, 96 ದುಂಡನೆಯ ಎಲೆ. ರಾಜ, ಮಂತ್ರಿ ಯಾವಾಗಲೂ ಮೇಲೆ. ಆದರೆ ನಾಲ್ಕು ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದ ನಾಲ್ಕರಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೆಳಗೆ. ಹತ್ತು ಅವತಾರ, 120 ಎಲೆಗಳ ದಶಾವತಾರ ಗಂಜೀಫಾದಲ್ಲೂ ಇದೇ ನಿಯಮ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸುವಷ್ಟು ಪ್ರೀತಿಯಿಂದ ಬೆಳೆಸಿದರು. ಅಂದರೆ ಕೈಯಲ್ಲಿದ್ದ ಎಲೆಯ ಬೆಲೆ ಎಲೆಯ ಮೇಲೆ ಬರೆದಿರುವುದಿಲ್ಲ, ಯಾವ ಸುತ್ತು ಎನ್ನುವುದರ ಮೇಲೆ ನಿಂತಿರುತ್ತದೆ ಎಂಬ ತಿಳಿವಳಿಕೆ ನಮ್ಮ ಹಳೆಯ ಆಟಗಾರರಿಗೆ ಇತ್ತು.

ಮುಫ್ಲಿಸ್ ಕಲಿಯುವವನು ಮೊದಲು ಕಣ್ಣನ್ನು ತಿದ್ದಿಕೊಳ್ಳಬೇಕು. ಸಣ್ಣವನಿದ್ದಾಗ ಮಾವನ ಎದುರು ಕೂತು ಒಂದು ದೀಪಾವಳಿಗೆ ನಾನು ಈ ಪಾಠ ಕಲಿತೆ. ನನಗೆ ಎರಡು, ಮೂರು, ನಾಲ್ಕು ಬಂದಿತ್ತು. ಇದಕ್ಕಿಂತ ಸಣ್ಣದು ಯಾರಿಗೆ ಬರಬೇಕು ಎಂದು ಹಿಗ್ಗಿ ಇದ್ದ ಕಡಲೆಬೀಜವನ್ನೆಲ್ಲ ಮುಂದೆ ತಳ್ಳಿದೆ. ಮಾವ ಎಕ್ಕ, ರಾಜ, ಗುಲಾಮ ತೋರಿಸಿ ಎಲ್ಲ ಬಳಿದುಕೊಂಡರು. "ಸಣ್ಣ ಎಲಿ ಬಂತಂದ್ರ ಗೆದ್ದೆ ಅನಕಬ್ಯಾಡ. ಕೂಡಿದ್ದು ಕೆಟ್ಟತು ಅಂತ ತಿಳಕ" ಅಂದರು. ಎರಡು-ಮೂರು-ನಾಲ್ಕು ಸೀಕ್ವೆನ್ಸ್. ಈ ಸುತ್ತಿನಲ್ಲಿ ಅದಕ್ಕಿಂತ ಯಾವ ಬಿಡಿ ಎಲೆಯೂ ಮೇಲು. ಎರಡರ ಜೋಡಿಯೂ ಹಾಗೆಯೇ, ನೋಡಲು ಬಡವ, ಒಳಗೆ ಶ್ರೀಮಂತ. ಎರಡು-ಮೂರು-ಐದು ಮೂರೂ ಆಟೀನ್ ಆದರೆ ಅದು ಕಲರ್, ಬಿಸಾಕಬೇಕು.

ಮಾವನ 274 ಸಾಲು ಇದರದೇ ಲೆಕ್ಕ. 52 ಎಲೆಯಲ್ಲಿ ಮೂರನ್ನು 22100 ರೀತಿಯಲ್ಲಿ ಹಂಚಬಹುದು. ಅದರಲ್ಲಿ ಏನೂ ಕೂಡದ ಕೈಗಳು 16440, ಅಂದರೆ ನೂರಕ್ಕೆ 74. ಮೂರು ಬೇರೆ ಅಂಕಿಗಳು ಬಣ್ಣ ಬದಲಿಸಿಕೊಂಡು 64 ರೀತಿ ಬರಬಹುದು, ಮೂರೂ ಒಂದೇ ಬಣ್ಣವಾಗುವ ನಾಲ್ಕನ್ನು ಕಳೆದರೆ 60. ಪ್ರತಿ ಸಾಲಿನ ಬಲಕ್ಕಿದ್ದ 60 ಇದೇ. ದೊಡ್ಡ ಎಲೆ ನಾಲ್ಕು ಆಗಿರುವ ಒಳ್ಳೆಯ ಕೈ ಇಲ್ಲವೇ ಇಲ್ಲ, ಏಕೆಂದರೆ ಇರುವ ಒಂದೂ ಸೀಕ್ವೆನ್ಸ್. ಐದಕ್ಕೆ ನಿಲ್ಲುವ ಕೈಗಳು 120. ಏಳು ಅಥವಾ ಅದಕ್ಕಿಂತ ಕೆಳಗೆ ನಿಲ್ಲುವವು 960, ಎಂಟರ ತನಕ 1800, ಒಂಬತ್ತರ ತನಕ 3000, ಹತ್ತರ ತನಕ 4620.

ಆರು ಜನ ಕೂತಿದ್ದಾರೆ, ನನಗೆ ಹತ್ತು-ಒಂಬತ್ತು-ಏಳು ಬಂದಿದೆ ಎನ್ನಿ. ಉಳಿದ ಐವರಲ್ಲಿ ಒಬ್ಬೊಬ್ಬನಿಗೂ ಇದಕ್ಕಿಂತ ಒಳ್ಳೆಯದೋ ಇಷ್ಟೇ ಒಳ್ಳೆಯದೋ ಬರುವ ಸಾಧ್ಯತೆ ನೂರಕ್ಕೆ 21. ಒಬ್ಬನಿಗೂ ಬರದೆ ನಾನೇ ಗೆಲ್ಲುವುದು, ಬಾಯಿಲೆಕ್ಕದಲ್ಲಿ, ನೂರಕ್ಕೆ 31 ಸಲ. ಎಂಟು-ಏಳು-ಐದು ಇದ್ದರೆ ಅದೇ 65 ಆಗುತ್ತದೆ. ಎದುರಿಗೆ ಒಬ್ಬನೇ ಉಳಿದಿದ್ದು, ಅವನು ಇನ್ನೂ ಎಲೆ ನೋಡದೆ ಆಡುತ್ತಿದ್ದರೆ, ಅದೇ ಹತ್ತು-ಒಂಬತ್ತು-ಏಳು ನೂರಕ್ಕೆ 79 ಸಲ ಗೆಲ್ಲುತ್ತದೆ; ರಾಣಿ ದೊಡ್ಡ ಎಲೆಯಾದರೂ ಹೆದರಬೇಕಿಲ್ಲ. ಅಂದರೆ ಎಷ್ಟು ಜನ ಇದ್ದಾರೆ ಎಂಬುದು ಎಲೆಯಷ್ಟೇ ಮುಖ್ಯ. ಎಲೆ ನೋಡದೆ ಆಡುವವನು ನೋಡಿದವನ ಅರ್ಧ ಹಾಕಿದರೆ ಸಾಕು ಎಂಬ ನಿಯಮ ಇರುವುದರಿಂದ, ತೀರ ಬೇಗ ಎಲೆ ಎತ್ತಿ ನೋಡುವುದೂ ದುಡ್ಡಿಗೆ ದಂಡ. ಇನ್ನೊಂದು ಗುಟ್ಟು ಮಾವನ ಪುಸ್ತಕದಲ್ಲಿ ಇಲ್ಲ, ಆಡುವಾಗ ತಿಳಿಯುವಂಥದ್ದು: ಹತ್ತು ಸುತ್ತು ನೇರ ಆಟ ಆಡಿ ಬಂದವನ ಕೈ ಹನ್ನೊಂದನೆಯ ಮುಫ್ಲಿಸ್ ಸುತ್ತಿನಲ್ಲಿ ಜೋಡಿ ಕಂಡ ಕೂಡಲೇ ತಾನಾಗಿ ಹಣದ ಕಡೆ ಹೋಗುತ್ತದೆ. ಕಲಿತವನಿಗೆ ಲಾಭ ಬರುವುದು ತನ್ನ ಎಲೆಯಿಂದಲ್ಲ, ಎದುರಿನವನ ಈ ಅಭ್ಯಾಸಬಲದಿಂದ.

ಅಮೆರಿಕದಲ್ಲಿ ಕಡಿಮೆ ಎಲೆಗೆ ಗೆಲುವು ಕೊಡುವ ಪೋಕರ್ ಬಗೆಗಳು ಬಹಳ ಇವೆ. ಎರಡರಿಂದ ಏಳು ಎನ್ನುವ ಬಗೆಯಲ್ಲಿ ಮುಫ್ಲಿಸ್‌ನಂತೆಯೇ ಎಕ್ಕ ದೊಡ್ಡದು, ಸೀಕ್ವೆನ್ಸ್ ಮತ್ತು ಕಲರ್ ಕೆಟ್ಟವು. ಅಲ್ಲಿನ ಅತ್ಯುತ್ತಮ ಕೈ 2-3-4-5-7. ಬಡುಗಿ ಎಂಬ ಬಗೆಯಲ್ಲಿ ನಾಲ್ಕೇ ಎಲೆ, ನಾಲ್ಕೂ ಬೇರೆ ಬಣ್ಣ ಆಗಬೇಕು. ಆದರೆ ಈ ಎರಡರಲ್ಲೂ ಬೇಡದ ಎಲೆ ಕೊಟ್ಟು ಬೇರೆ ತೆಗೆದುಕೊಳ್ಳಬಹುದು. ಎದುರಿನವನು ಎಷ್ಟು ಬದಲಾಯಿಸಿದ ಎಂದು ನೋಡಿ ಅವನ ಕೈ ಊಹಿಸಬಹುದು. ಮುಫ್ಲಿಸ್‌ನಲ್ಲಿ ಆ ಬಾಗಿಲೇ ಇಲ್ಲ. ಬಂದದ್ದು ಬಂತು. ಹಣ ಹಾಕುವುದು, ಇಲ್ಲವೇ ಎಲೆ ಬಿಸಾಕುವುದು.

ಕಾನೂನಿನ ಚರಿತ್ರೆಯೂ ಇದೇ ಬಾಗಿಲ ಮುಂದೆ ನಿಂತಿದೆ. ಸಿರುಗುಪ್ಪ ತುಂಗಭದ್ರೆಯ ಈ ದಡ. ಆಗ ಮದರಾಸು ಪ್ರಾಂತ್ಯ, ಜೂಜಿಗೆ 1930ರ ಮದರಾಸು ಗೇಮಿಂಗ್ ಕಾಯ್ದೆ. ಹೊಳೆ ದಾಟಿ ಸಿಂಧನೂರು ಕಡೆ ಹೋದರೆ ನಿಜಾಮನ ಸೀಮೆ, ಅಲ್ಲಿ ಫಸಲಿ 1305ರ ಹೈದರಾಬಾದ್ ಕಾಯ್ದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮುಂದೆ 1963ರ ಪೊಲೀಸ್ ಕಾಯ್ದೆ ಎರಡೂ ದಡಕ್ಕೆ ಒಂದೇ ಆಯಿತು. ಕೌಶಲದ ಆಟಕ್ಕೆ ಅದರ 176ನೇ ಕಲಮು ವಿನಾಯಿತಿ ಕೊಡುತ್ತದೆ. ಹಾಗಾದರೆ ಯಾವುದು ಕೌಶಲ?

ಉತ್ತರ ಬಂದದ್ದು ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲಿನ ದಾಳಿಯಿಂದ, ಅದೂ ಆ ಹಳೆಯ ಫಸಲಿ ಕಾಯ್ದೆಯಡಿ. 1967ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಂಡು ಯಾವುದನ್ನು ಬಿಡಬೇಕೆಂದು ತಿಳಿದಿರಬೇಕು. ಅದೇ ತೀರ್ಪಿನಲ್ಲಿ ಮೂರೆಲೆಯನ್ನು ಪೂರ್ತಿ ಅದೃಷ್ಟದ ಆಟಗಳ ಸಾಲಿಗೆ ಹಾಕಿತು. ನಮ್ಮ ಕಡೆಯ ಪೊಲೀಸ್ ಪ್ರಕಟಣೆಗಳಲ್ಲಿ ಇವತ್ತಿಗೂ "ನಸೀಬಿನ ಜೂಜಾಟ" ಎಂದೇ ಬರೆಯುತ್ತಾರೆ. ಪೋಕರ್ ಮಾತ್ರ ಆಚೆ ದಾಟಿಕೊಂಡಿತು: 2013ರಲ್ಲಿ ಕರ್ನಾಟಕ ಹೈಕೋರ್ಟು, ಕೌಶಲದ ಆಟವಾಗಿ ಆಡಿದರೆ ಅದಕ್ಕೆ ಪರವಾನಗಿ ಬೇಕಿಲ್ಲ ಎಂದಿತು. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಆನ್‌ಲೈನ್ ಜೂಜಿನ ತಿದ್ದುಪಡಿಯ ಮುಖ್ಯ ಕಲಮುಗಳನ್ನು 2022ರ ಫೆಬ್ರುವರಿ 14ರಂದು ಅದೇ ಕೋರ್ಟು ತೆಗೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಮಟ್ಟಿಗೆ, ಕೌಶಲವೋ ನಸೀಬೋ ಎಂಬ ಪ್ರಶ್ನೆಯನ್ನೇ ಬದಿಗೆ ಸರಿಸಿತು.

ನನಗೆ ಮೂರೆಲೆಯ ಬಗ್ಗೆ ಕೋರ್ಟು ಹೇಳಿದ್ದು ಅರ್ಧ ಮಾತ್ರ ಸರಿ ಎನ್ನಿಸುತ್ತದೆ. ಎಣಿಸುವುದಕ್ಕೆ ಇದರಲ್ಲಿ ಬೇಕಾದಷ್ಟಿದೆ. ಎಣಿಕೆಗೂ ಜೂಜಿಗೂ ನಂಟು ಹಳೆಯದು. ವನಪರ್ವದಲ್ಲಿ ಋತುಪರ್ಣ ಓಡುವ ರಥದಿಂದಲೇ ಒಂದು ತಾರೆ ಮರದ ಎಲೆ, ಹಣ್ಣುಗಳ ಸಂಖ್ಯೆ ಹೇಳುತ್ತಾನೆ. ನಳ ನಂಬದೆ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ; ಆಮೇಲೆ ಕುದುರೆಯ ವಿದ್ಯೆ ಕೊಟ್ಟು ಪಗಡೆಯ ಅಕ್ಷಹೃದಯ ಪಡೆಯುತ್ತಾನೆ. ಆ ತಾರೆ ಕಾಯಿಯೇ ವೇದಕಾಲದ ದಾಳ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ನಳ ಮನೆಯವನೇ ಆಗಿದ್ದಾನೆ. ಕುರುಗೋಡಿನ ಸಿಂದರು ಯಾರ ಸಾಮಂತರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಕೂಡ 1129ರ ಸುಮಾರಿನ ಮಾನಸೋಲ್ಲಾಸದಲ್ಲಿ ಪಗಡೆ, ಕವಡೆಗಳನ್ನು ರಾಜ ಕಲಿಯಬೇಕಾದ ವಿನೋದಗಳ ಜೊತೆ ಇಟ್ಟ.

ಆದರೆ ನಳನಿಗೆ ವಿದ್ಯೆ ರಾಜ್ಯ ಕೊಟ್ಟಿತು. ಮುಫ್ಲಿಸ್‌ನ ಎಣಿಕೆ ಕೊಡುವ ಬುದ್ಧಿ ಬೇರೆ. ಆರು ಜನರ ನಡುವೆ ಒಂಬತ್ತಕ್ಕೋ ಅದಕ್ಕಿಂತ ಕೆಳಗೋ ನಿಂತ ಕೈ ಬಂದಾಗ ಮಾತ್ರ ಆಡು ಎನ್ನುತ್ತದೆ ಅದು. ಅಂಥ ಕೈ ಬರುವುದು ಏಳು ಸಲಕ್ಕೆ ಒಂದು. ಉಳಿದ ಆರು ಸಲ ಬೂಟಿನ ಹಣ ಕಳಕೊಂಡು ಸುಮ್ಮನೆ ಕೂರಬೇಕು. ಗೆದ್ದ ಒಂದು ಸಲದಲ್ಲಿ ಮನೆಯವನ ಪಾಲು ಹೋಗಬೇಕು. ಹಾಗೆ ಸುಮ್ಮನೆ ಕೂರಬಲ್ಲವನು ಆ ಚಾಪೆಗೆ ಹೋಗುವುದೇ ಇಲ್ಲ.

ಮಾವ ಇದನ್ನು ಅರಿಯದವರಲ್ಲ. ಹತ್ತನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ "7ಕ್ಕೆ 6 ಬಿಡು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅದೇ ವರ್ಷ ಅತ್ತೆಯ ತವರಿನವರು ಕೊಟ್ಟಿದ್ದ ಕುರುಗೋಡು ಕಡೆಯ ಎರಡೆಕರೆ ಮಾರಾಟವಾಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದ ಅತ್ತೆ ಎರಡು ದಿನ ಒಲೆ ಹೊತ್ತಿಸಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ತಪ್ಪಿದ್ದು ಮಾವನ ಲೆಕ್ಕವಲ್ಲ. ನಾನು ಕಂಪ್ಯೂಟರಿನಲ್ಲಿ ಹಾಕಿ ನೋಡಿದ್ದೇನೆ, 274ರಲ್ಲಿ ಒಂದು ಸಾಲೂ ತಪ್ಪಿಲ್ಲ.

ಎರಡು ಗೆರೆ ಎಳೆದ 16440ರ ಕೆಳಗೆ ಪುಸ್ತಕದಲ್ಲಿ ಇನ್ನೂ ಜಾಗವಿತ್ತು. ಅಲ್ಲಿಂದ ಮುಂದಿನ ಪುಟಗಳಲ್ಲಿ ಓದುಬರಹ ಬಾರದ ಅತ್ತೆ ಹಾಲಿನ ಲೆಕ್ಕ ಇಟ್ಟಿದ್ದಾಳೆ. ದಿನಕ್ಕೊಂದು ಕಡ್ಡಿ ಗೀಟು, ಹಾಲು ಬಾರದ ದಿನಕ್ಕೆ ಒಂದು ಸೊನ್ನೆ.