ಜನಸಾಮಾನ್ಯರ ಮುದ್ರಣವೂ ಕನ್ನಡ ಚಿತ್ರಪಟವೂ: ಒಂದು ಇತಿಹಾಸ ವಿಚಾರ

ಕನ್ನಡನಾಡಿನ ಇತಿಹಾಸವನ್ನು ಬರೆಯ ಹೊರಟ ಪಂಡಿತರು ಶಿಲಾಶಾಸನ, ತಾಮ್ರಪಟ, ತಾಳೆಗರಿಯ ಹೊತ್ತಿಗೆ ಇವುಗಳನ್ನು ಪ್ರಮಾಣವೆಂದು ಹಿಡಿಯುವದು ಬಹುಕಾಲದ ರೂಢಿ. ಅದು ಯೋಗ್ಯವಾದ ರೂಢಿಯೇ ಅಹುದು. ಆದರೆ ಕಳೆದ ಒಂದೂವರೆ ಶತಮಾನದಲ್ಲಿ ನಮ್ಮ ಹಳ್ಳಿಗರು ಏನನ್ನು ಓದಿದರು, ಏನನ್ನು ಕೇಳಿ ಕಣ್ಣೀರಿಟ್ಟರು, ಯಾವ ಶರಣರ ಚರಿತ್ರವನ್ನು ಯಾವ ರೂಪದಲ್ಲಿ ಮನಸ್ಸಿನಲ್ಲಿರಿಸಿಕೊಂಡರು ಎಂಬ ಪ್ರಶ್ನೆಗೆ ಕಲ್ಲಾಗಲಿ ತಾಮ್ರವಾಗಲಿ ಉತ್ತರ ಕೊಡಲಾರದು. ಆ ಉತ್ತರವು ಜಾತ್ರೆಯ ಅಂಗಡಿಯಲ್ಲಿ ಆಣೆ ಎರಡಾಣೆಗೆ ಮಾರಿದ ಹಾಡಿನ ಪುಸ್ತಕದಲ್ಲಿಯೂ, ನಾಟಕ ಕಂಪನಿಯ ಹಸ್ತಪತ್ರಿಕೆಯಲ್ಲಿಯೂ, ಚಿತ್ರಮಂದಿರದ ಬಾಗಿಲಲ್ಲಿ ಮಾರಿದ ಪದ್ಯಾವಳಿಯಲ್ಲಿಯೂ ಇರುವದು. ಇವು ವಿದ್ವಾಂಸರ ದೃಷ್ಟಿಗೆ ಬಿದ್ದದ್ದು ತೀರ ಈಚೆಗೆ. ಚಿತ್ರಪಟದ ಸುರುಳಿಗಳು ಹಾಳಾಗಿ ಹೋದ ಮೇಲೆ ಆ ಚಿತ್ರಪಟದ ಇತಿಹಾಸಕ್ಕೆ ಈ ಕ್ಷುಲ್ಲಕವೆನಿಸಿದ ಕಾಗದವೇ ಆಧಾರವಾಗಿ ಉಳಿದಿದೆ ಎಂಬದನ್ನು ಶ್ರೀಮಠದ ಸದ್ಭಕ್ತರ ಗಮನಕ್ಕೆ ತರುವದೇ ಈ ಲೇಖನದ ಉದ್ದೇಶವು.

ಕನ್ನಡ ನೆಲದಲ್ಲಿ ಅಚ್ಚಿನ ಕೆಲಸವು ಜನರ ಕೈಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಅಲ್ಲಿಂದಲೇ ಹೊರಟಿತು. ಮುಂದೆ ಮೋಗ್ಲಿಂಗರು ಅಚ್ಚು ಮಾಡಿಸಿದ ಪ್ರಾಚೀನ ಕಾವ್ಯಮಾಲೆಯಲ್ಲಿ ಬಸವಪುರಾಣವೂ ಸೇರಿತ್ತು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿಯ ಕಾಯಿದೆಯಂತೆ ಅಚ್ಚಾದ ಪುಸ್ತಕಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಗಿ ಬಂದಿತು. ಪುಸ್ತಕದ ಹೆಸರು, ಮುದ್ರಕನು, ಪುಟಗಳು, ಪ್ರತಿಗಳ ಸಂಖ್ಯೆ, ಬೆಲೆ ಇವೆಲ್ಲವೂ ಮೂರು ತಿಂಗಳಿಗೊಮ್ಮೆ ಹೊರಡುವ ಪಟ್ಟಿಗಳಲ್ಲಿ ದಾಖಲಾಗುತ್ತಿದ್ದವು. ಪರಕೀಯ ಸರಕಾರವು ಕಾವಲಿಗಾಗಿ ಮಾಡಿದ ಕಾಯಿದೆಯು ಇಂದಿನ ಸಂಶೋಧಕರಿಗೆ ವರವಾದದ್ದು ವಿಚಿತ್ರವೇ ಸರಿ.

ಇಲ್ಲಿ ಎರಡು ಪ್ರವಾಹಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಶಾಸ್ತ್ರಶುದ್ಧವಾದ ಪ್ರಕಟಣೆ. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರತಂದು, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದ ಕಥೆಯು ನಮ್ಮವರಿಗೆಲ್ಲ ತಿಳಿದದ್ದೇ. ಇನ್ನೊಂದು, ಗದಗ ಮೊದಲಾದ ಪೇಟೆಗಳ ಪುಸ್ತಕದಂಗಡಿಗಳಿಂದ ಹೊರಟು ಜಾತ್ರೆ ಸಂತೆಗಳಲ್ಲಿ ಹರಡಿದ ಭಜನೆಯ ಪದಗಳು, ಬಯಲಾಟದ ಪುಸ್ತಕಗಳು, ನಾಟಕದ ಹಾಡುಗಳು, ಗದ್ಯರೂಪದ ಶರಣಚರಿತ್ರೆಗಳು. ಮೊದಲನೆಯದಕ್ಕೆ ಗ್ರಂಥಭಾಂಡಾರಗಳಲ್ಲಿ ಸ್ಥಾನ ದೊರೆಯಿತು. ಎರಡನೆಯದನ್ನು ಓದಿ ಓದಿ ಹರಿದ ಮೇಲೆ ಒಲೆಗೆ ಹಾಕಿದರು. ಆದರೆ ಚಿತ್ರಪಟಕ್ಕೆ ಕಥೆಯನ್ನೂ ಹಾಡನ್ನೂ ಪ್ರೇಕ್ಷಕರನ್ನೂ ಒದಗಿಸಿದ್ದು ಈ ಎರಡನೆಯ ಪ್ರವಾಹವೇ.

ನಡುವಿನ ಸೇತುವೆಯು ನಾಟಕ ಕಂಪನಿ. ಮೈಸೂರಿನಲ್ಲಿ ಆಸ್ಥಾನದ ನಾಟಕಸಭೆಗಾಗಿ ಬಸಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು. 1884ರಲ್ಲಿ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. ಉತ್ತರದಲ್ಲಿ ಕೊಣ್ಣೂರು, ಶಿರಹಟ್ಟಿಯ ಕಂಪನಿಗಳು ಹೆಸರಾದವು. ಮಠಗಳು ಈ ಕಲೆಯಿಂದ ದೂರ ನಿಂತಿದ್ದವೆಂದು ಯಾರಾದರೂ ತಿಳಿದಿದ್ದರೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ನೋಡಬೇಕು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆ ಆಶ್ರಮದಲ್ಲಿ ಅಂಧ ವಿದ್ಯಾರ್ಥಿಗಳ ದಾಸೋಹಕ್ಕೆ ನಾಟಕ ಕಂಪನಿಯ ಉತ್ಪನ್ನವೂ ಆಧಾರವಾಯಿತು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತರಲ್ಲದೆ ಸ್ವತಃ ನಾಟಕಗಳನ್ನು ಬರೆದರು. ಹೇಮರೆಡ್ಡಿ ಮಲ್ಲಮ್ಮನ ಚರಿತ್ರವನ್ನು ಪುರಾಣವಾಗಿ ಕೇಳುತ್ತಿದ್ದ ಜನರೇ ಅದನ್ನು ರಂಗದ ಮೇಲೆ ನೋಡಿದರು. 1940ರ ದಶಕದ ನಡುವಿನಲ್ಲಿ ಗುಬ್ಬಿ ವೀರಣ್ಣನವರು ಅದನ್ನೇ ಚಿತ್ರಪಟವಾಗಿ ತೆಗೆದಾಗ ಕಥೆಯನ್ನು ಯಾರಿಗೂ ಹೊಸದಾಗಿ ಪರಿಚಯಿಸುವ ಅವಶ್ಯಕತೆಯೇ ಇರಲಿಲ್ಲ.

ಇನ್ನು ಚಿತ್ರಪಟದ ವಿಷಯ. ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ವು ಮುಂಬಯಿಯಲ್ಲಿ 1913ರಲ್ಲಿ ತೆರೆ ಕಂಡಿತು. ಕನ್ನಡ ಮಾತು ತೆರೆಯ ಮೇಲೆ ಕೇಳಿಬರಲು ಇನ್ನೂ ಇಪ್ಪತ್ತೊಂದು ವರ್ಷ ಕಾಯಬೇಕಾಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಪ್ರದರ್ಶಿತವಾದ ‘ಸತಿ ಸುಲೋಚನಾ’ವೇ ಮೊದಲು ತೆರೆ ಕಂಡ ಕನ್ನಡ ವಾಕ್ಚಿತ್ರವು. ವೈ. ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ, ಸುಬ್ಬಯ್ಯನಾಯ್ಡು ಮತ್ತು ನಾಗೇಂದ್ರರಾಯರ ಅಭಿನಯ. ನಟರೂ ಕವಿಗಳೂ ರಂಗಭೂಮಿಯಿಂದ ಬಂದವರು. ಚಿತ್ರೀಕರಣವು ನಡೆದದ್ದಾದರೋ ಕೊಲ್ಲಾಪುರದಲ್ಲಿ. ಪ್ರಾದೇಶಿಕ ಚಿತ್ರಪಟವೆಂದು ನಾವು ಕರೆಯುವದು ಪ್ರದೇಶದ ಹೊರಗೆ ಹುಟ್ಟಿತೆಂಬ ಈ ಸಂಗತಿಯನ್ನು ಮರೆಯಬಾರದು. ಈಗ ಆ ಚಿತ್ರದ ಒಂದು ಪ್ರತಿಯೂ ಉಳಿದುಬಂದಿಲ್ಲ. ಆ ಕಾಲದ ಸುರುಳಿಗಳು ಬೇಗನೆ ಬೆಂಕಿ ಹತ್ತುವ ದ್ರವ್ಯದಿಂದ ಮಾಡಿದವು, ತೇವಕ್ಕೆ ಕೊಳೆಯುವಂಥವು, ಅವುಗಳಲ್ಲಿಯ ಬೆಳ್ಳಿಯ ಆಶೆಗೆ ಕರಗಿಸಿದವರೂ ಉಂಟು.

ಸುರುಳಿಯು ಹೋದರೂ ಪದ್ಯಾವಳಿಯು ಉಳಿಯುವ ಸಂಭವವುಂಟು. ಈ ಪುಸ್ತಿಕೆಯ ರಚನೆಯನ್ನು ನೋಡಿರಿ. ಕೆಲವೇ ಪುಟಗಳು, ಮೇಲುಹೊದಿಕೆಗೆ ನಾಯಕ ನಾಯಿಕೆಯರ ಚಿತ್ರ, ಒಳಗೆ ಪಾತ್ರವರ್ಗ, ತಂತ್ರಜ್ಞರ ಹೆಸರುಗಳು, ಕಥಾಸಾರಾಂಶ, ಅನಂತರ ಹಾಡುಗಳು. ಕಥೆಯು ಸಂಕಟದ ಘಟ್ಟಕ್ಕೆ ಬಂದೊಡನೆ ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕೆಂದು ಹೇಳುವದು ವಾಡಿಕೆ. ಹಾಡಿಗೆ ಬಳಸಿದ ಮಟ್ಟು ಯಾವದು, ನಾಟಕದ ಯಾವ ಪದವು ಹಾಗೆಯೇ ತೆರೆಗೆ ಬಂದಿತು ಎಂಬದನ್ನು ಕಂಪನಿಯ ಹಾಡಿನ ಪುಸ್ತಕದೊಡನೆ ಹೋಲಿಸಿ ತಿಳಿಯಬಹುದು. ಹಳೆಯ ಹಸ್ತಪ್ರತಿಗಳ ಪಾಠಾಂತರಗಳನ್ನು ನೋಡುವಷ್ಟೇ ಎಚ್ಚರದಿಂದ ಮಾಡತಕ್ಕ ಕೆಲಸವಿದು.

ಹೀಗೆ ಮಾಡುವದರಿಂದ ಏನು ಫಲವೆಂದು ಕೇಳುವವರಿಗೆ ಕಣ್ಣಪ್ಪನ ಕಥೆಯೇ ಉತ್ತರವು. ಅರುವತ್ತುಮೂವರು ಪುರಾತನರಲ್ಲಿ ಒಬ್ಬನಾದ ಈ ಬೇಡನನ್ನು ತಮಿಳಿನಲ್ಲಿ ಸೇಕ್ಕಿಳಾರನು ಪೆರಿಯಪುರಾಣದಲ್ಲಿಯೂ, ಕನ್ನಡದಲ್ಲಿ ಹರಿಹರನು ರಗಳೆಯಲ್ಲಿಯೂ ಕೊಂಡಾಡಿದರು. ಸೇಕ್ಕಿಳಾರನ ಪುರಾಣದ ಅರ್ಚಕನು ದುಷ್ಟನಲ್ಲ. ಮಾಂಸನೈವೇದ್ಯವನ್ನು ಕಂಡು ಮರುಗುವ ನಿಷ್ಠಾವಂತ ಭಕ್ತನು. ಶಿವನೇ ಕನಸಿನಲ್ಲಿ ಬಂದು ಬೇಡನ ಭಕ್ತಿಯ ಹಿರಿಮೆಯನ್ನು ಅವನಿಗೆ ತಿಳಿಸುವನು. ಆದರೆ ಗುಬ್ಬಿ ಕಂಪನಿಯ ರಂಗದಿಂದ ಇಳಿದು ಎಚ್. ಎಲ್. ಎನ್. ಸಿಂಹರ ನಿರ್ದೇಶನದಲ್ಲಿ 1954ರಲ್ಲಿ ತೆರೆಗೆ ಬಂದ ‘ಬೇಡರ ಕಣ್ಣಪ್ಪ’ದಲ್ಲಿ ಅರ್ಚಕನು ಕಪಟಿಯಾಗಿ, ಬಡ ಬೇಡನ ಮೇಲೆ ಕಳವಿನ ಅಪವಾದವನ್ನು ಹೊರಿಸುವನು. ರಾಜಕುಮಾರರು ಮೊದಲ ಬಾರಿಗೆ ನಾಯಕಪಾತ್ರವನ್ನು ವಹಿಸಿದ್ದು ಈ ಚಿತ್ರದಲ್ಲಿಯೇ. ಎರಡು ಭಕ್ತಿಗಳ ತಾರತಮ್ಯದ ಕಥೆಯು ಇಲ್ಲಿ ಪುರೋಹಿತನ ಅನ್ಯಾಯದ ಕಥೆಯಾಗಿ ಮಾರ್ಪಟ್ಟಿತು. ಈ ಪಲ್ಲಟವು ಯಾವಾಗ ಆಯಿತು? ಚಿತ್ರಕಾರರು ಮಾಡಿದರೋ, ನಾಟಕದವರೋ, ಅದಕ್ಕೂ ಹಿಂದಿನ ಬಯಲಾಟದವರೋ? ನಾಡಿನ ಸಾಮಾಜಿಕ ವಿಚಾರದ ಇತಿಹಾಸಕ್ಕೆ ಇದು ಚಿಕ್ಕ ಪ್ರಶ್ನೆಯಲ್ಲ. ಚಿತ್ರವೊಂದನ್ನೇ ನೋಡಿ ಇದನ್ನು ಬಿಡಿಸಲಾಗದು. ಹಳೆಯ ಹಾಡಿನ ಪುಸ್ತಕಗಳು ಕೈಗೆ ಸಿಕ್ಕಬೇಕು.

ವಿದ್ವಾಂಸರು ಈ ದಾರಿಯನ್ನು ತುಳಿಯತೊಡಗಿ ಕೆಲವು ದಶಕಗಳಾದವು. ತಮಿಳುನಾಡಿನ ನಾಟಕ, ಹಾಡು, ಚಿತ್ರಪಟಗಳು ರಾಷ್ಟ್ರೀಯ ಚಳವಳಿಯ ವಾಹಕಗಳಾದ ಬಗೆಯನ್ನು ಥಿಯೊಡೋರ್ ಭಾಸ್ಕರನ್ನರು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಉತ್ತರ ಹಿಂದುಸ್ಥಾನದ ಅಗ್ಗದ ಮನರಂಜನೆಯ ಪುಸ್ತಕಗಳನ್ನು ಕುರಿತು ಫ್ರಾಂಚೆಸ್ಕಾ ಓರ್ಸಿನಿಯವರ ಗ್ರಂಥವು 2009ರಲ್ಲಿ ಬಂದಿತು. ನಮ್ಮಲ್ಲಿ ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ವು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಎಂ. ಕೆ. ರಾಘವೇಂದ್ರರು 2011ರ ಗ್ರಂಥದಲ್ಲಿ, ಕನ್ನಡ ಚಿತ್ರಪಟವು ಮುಖ್ಯವಾಗಿ ಹಳೆಯ ಮೈಸೂರು ಸೀಮೆಯ ಜನರನ್ನೇ ಉದ್ದೇಶಿಸಿ ಮಾತಾಡಿತೆಂದು ಪ್ರತಿಪಾದಿಸಿದ್ದಾರೆ. ಚಿತ್ರಗಳ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ನಿಜವೆಂದೇ ತೋರುವದು. ಆದರೆ 1956ರ ಏಕೀಕರಣಕ್ಕೆ ಮುಂಚೆ ಮುಂಬಯಿ ಪ್ರಾಂತದಲ್ಲಿಯೂ ನಿಜಾಮರ ಸೀಮೆಯಲ್ಲಿಯೂ ಹಂಚಿಹೋಗಿದ್ದ ಕನ್ನಡಿಗರು ಮೂಕರಾಗಿರಲಿಲ್ಲ. ಅವರ ಮನರಂಜನೆಯೂ ಭಕ್ತಿಯೂ ಕಂಪನಿ ನಾಟಕದಲ್ಲಿ, ಸಣ್ಣಾಟ ದೊಡ್ಡಾಟಗಳಲ್ಲಿ, ಗದಗಿನ ಅಚ್ಚಿನಲ್ಲಿ ಇದ್ದವು. ತೆರೆಯನ್ನು ಮಾತ್ರ ನೋಡುವ ಇತಿಹಾಸಕಾರನಿಗೆ ನಾಡಿನ ಅರ್ಧವೇ ಕಾಣುವದು.

ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಿತ್ರಸಂಗ್ರಹಾಲಯವು, ಪಿ. ಕೆ. ನಾಯರರ ಶ್ರಮದಿಂದ, ಸುರುಳಿಗಳ ಜತೆಗೆ ಭಿತ್ತಿಪತ್ರ ಪದ್ಯಾವಳಿಗಳನ್ನೂ ಕೂಡಿಹಾಕಿತು. 2003ರಲ್ಲಿ ಅಲ್ಲಿಯ ಹಳೆಯ ಸುರುಳಿಗಳು ಬೆಂಕಿಗೆ ಆಹುತಿಯಾದವು. ಒಂದೇ ಸ್ಥಳದಲ್ಲಿ ಎಲ್ಲವನ್ನೂ ನಂಬಿ ಇಡುವದು ಕ್ಷೇಮವಲ್ಲ. ಜಾತ್ರೆಯಲ್ಲಿ ಕೊಂಡ ಪುಸ್ತಕವನ್ನು ದೇವರ ಜಗುಲಿಯ ಮೇಲಿಟ್ಟು ಪೂಜಿಸಿದ ಮನೆತನಗಳು ನಮ್ಮಲ್ಲಿ ಇನ್ನೂ ಇವೆ. ಮಠಗಳ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ತಾಳೆಗರಿಗಳ ಮಗ್ಗುಲಿಗೆ ಇಂಥ ಕಾಗದಗಳು ಬಿದ್ದಿರುವವು. ತಾಳೆಗರಿಯನ್ನು ತೆಗೆದಿಟ್ಟು ಇವನ್ನು ರದ್ದಿಗೆ ಹಾಕುವ ಮೊದಲು ಮುದ್ರಣಾಲಯದ ಹೆಸರು, ಊರು, ವರ್ಷ, ಬೆಲೆ, ಪ್ರತಿಗಳ ಸಂಖ್ಯೆ ಇಷ್ಟನ್ನಾದರೂ ಒಂದು ವಹಿಯಲ್ಲಿ ಬರೆದಿಡಬೇಕು. ಹೊಸ ರಟ್ಟು ಕಟ್ಟಿಸುವಾಗ ಹಳೆಯ ಹೊದಿಕೆಯನ್ನು ಕಿತ್ತೊಗೆಯಗೊಡಬಾರದು. ಪುಸ್ತಕದಂಗಡಿಯವನು ಮಾರುತ್ತಿದ್ದ ಇತರ ಪುಸ್ತಕಗಳ ಪಟ್ಟಿಯು ಅಚ್ಚಾಗಿರುವದು ಹಲವು ಸಲ ಆ ಹೊದಿಕೆಯ ಬೆನ್ನಿನ ಮೇಲೆಯೇ, ಮತ್ತು ಆ ಪಟ್ಟಿಯಲ್ಲಿ ಹೆಸರಿರುವ ಎಷ್ಟೋ ಪುಸ್ತಕಗಳಿಗೆ ಬೇರೆಲ್ಲಿಯೂ ದಾಖಲೆಯು ಸಿಕ್ಕುವದಿಲ್ಲ.