ಭಜನಾ ಮೇಳ (ಬಸವಕಲ್ಯಾಣ–ಹುಮನಾಬಾದ್ ಸೀಮೆ)

ಭಜನಾ ಮೇಳವು ಕರ್ನಾಟಕದ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಊರುಗಳಲ್ಲಿ ರಾತ್ರಿಯ ಹೊತ್ತು ಕೂಡಿ ಹಾಡುವ ಹವ್ಯಾಸಿಗಳ ಗುಂಪು. ಈ ಗುಂಪುಗಳು ತತ್ವಪದ, ವಚನ, ಅಭಂಗ ಮತ್ತು ಮಾಣಿಕ ಪ್ರಭುಗಳ ಪದಗಳನ್ನು ಹಾಡುತ್ತವೆ. ಸಂಗೀತ ಸಭೆ, ನಾಟಕ ಕಂಪನಿ ಮತ್ತು ಚಲನಚಿತ್ರ ಈ ಮೂರರ ಹೊರಗೂ ಬೆಳೆದ ಸಂಗೀತವಿದು. ಇದಕ್ಕೆ ಟಿಕೆಟ್ಟಿಲ್ಲ, ಹಾಡುವವರಿಗೆ ಸಂಭಾವನೆಯೂ ಸಾಮಾನ್ಯವಾಗಿ ಇರುವುದಿಲ್ಲ. ಯಾವ ಪದವನ್ನು ಹಾಡಬೇಕೆಂಬುದನ್ನು ಮೇಳದವರೇ ತಮ್ಮ ರುಚಿಗೆ ಅನುಸಾರವಾಗಿ ನಿರ್ಧರಿಸುತ್ತಾರೆ. ಒಬ್ಬರಿಗೆ ಮೆಚ್ಚಿಕೆಯಾದ ಪದವು ಇನ್ನೊಬ್ಬರ ಬಾಯಿಗೆ, ಒಂದು ಊರಿನದು ಇನ್ನೊಂದು ಊರಿಗೆ ದಾಟುವುದೇ ಈ ಪರಂಪರೆಯ ಜೀವಾಳ.

ಪ್ರದೇಶ ಮತ್ತು ಭಾಷೆ

ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡೂ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಆಸುಪಾಸಿನಲ್ಲಿರುವ ಪಟ್ಟಣಗಳು. ಪಶ್ಚಿಮಕ್ಕೆ ಮಹಾರಾಷ್ಟ್ರ, ಪೂರ್ವಕ್ಕೆ ತೆಲಂಗಾಣ ಇರುವುದರಿಂದ ಇಲ್ಲಿನ ಜನರು ಕನ್ನಡ, ಮರಾಠಿ, ಉರ್ದು ಭಾಷೆಗಳನ್ನು ಒಂದೇ ದಿನದಲ್ಲಿ, ಕೆಲವೊಮ್ಮೆ ಒಂದೇ ಮಾತಿನಲ್ಲಿ ಬಳಸುತ್ತಾರೆ. ಈ ಭಾಗವು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದಲ್ಲಿ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡಕ್ಕೆ ದೊರೆಯದ ಜಾಗವು ಗುಡಿಯ ಕಟ್ಟೆಯಲ್ಲಿ ದೊರೆಯಿತು. ಅಕ್ಷರ ಬಾರದ ರೈತನಿಗೂ ನೂರಾರು ಪದಗಳು ಕಂಠಪಾಠವಾಗಿದ್ದವು. ಈ ಸೀಮೆಯ ಕನ್ನಡದ ಉಳಿವನ್ನು ಕುರಿತು ಬರೆಯುವವರು ಪತ್ರಿಕೆ ಮತ್ತು ಗ್ರಂಥಾಲಯಗಳನ್ನು ನೆನೆಯುವಷ್ಟು ಭಜನಾ ಮೇಳವನ್ನು ನೆನೆಯುವುದಿಲ್ಲ, ಇದು ಸರಿಯಾದುದಲ್ಲ.

ಹಿನ್ನೆಲೆ

ಬಸವಕಲ್ಯಾಣದ ಹಳೆಯ ಹೆಸರು ಕಲ್ಯಾಣ. ಇದು ಕಲ್ಯಾಣ ಚಾಲುಕ್ಯರ ರಾಜಧಾನಿ. ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿದ್ದು, ಗೀತ, ವಾದ್ಯ ಮತ್ತು ನೃತ್ಯಗಳಿಗೆ ಪ್ರತ್ಯೇಕ ಭಾಗಗಳಿವೆ. ರಾಜನೊಬ್ಬನು ಆಸ್ಥಾನ ಸಂಗೀತವನ್ನಷ್ಟೇ ವರ್ಣಿಸದೆ ಜನರ ಹಾಡುಗಳನ್ನೂ ಗಮನಿಸಿರುವುದು ಈ ಗ್ರಂಥದ ವಿಶೇಷ. ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ, ಯೋಗಿಗಳ ಬಾಯಲ್ಲಿ ಚರ್ಯಾ, ಧಾನ್ಯ ಕುಟ್ಟುವ ಮರಾಠಿ ಹೆಂಗಸರ ಬಾಯಲ್ಲಿ ಓವಿ ಎಂದು ಯಾವ ಹಾಡು ಯಾರದು, ಯಾವಾಗ ಹಾಡುವಂಥದು ಎಂಬುದನ್ನು ಅವನು ಹೇಳುತ್ತಾನೆ. ಸೋಮೇಶ್ವರನ ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ಬರೆದನು.

ಅದೇ ಶತಮಾನದಲ್ಲಿ, ಅದೇ ಊರಿನಲ್ಲಿ, ಬಸವಣ್ಣನವರೂ ಅವರ ಸಂಗಡಿಗರೂ ವಚನಗಳನ್ನು ರಚಿಸಿದರು. ವಚನಗಳನ್ನು ಆಗ ಹಾಡುತ್ತಿದ್ದರೋ ಓದುತ್ತಿದ್ದರೋ ಎಂಬ ಚರ್ಚೆ ವಿದ್ವಾಂಸರದು. ಇಂದು ಕೇಳಿಬರುವ ರಾಗಬದ್ಧ ವಚನ ಗಾಯನವು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ರೂಪವಾಗಿದ್ದು, ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಮತ್ತು ಸಿದ್ಧರಾಮ ಜಂಬಲದಿನ್ನಿ ಅವರಂಥ ಹಿಂದೂಸ್ತಾನಿ ಗಾಯಕರಿಂದ ಅದು ಮನೆಮಾತಾಯಿತು. ಮೇಳದವರು ಹಾಡುವ ವಚನದ ಧಾಟಿ ಇದಕ್ಕಿಂತ ಬೇರೆ. ಅಲ್ಲಿ ಆಲಾಪ ಕಡಿಮೆ, ಹಿಮ್ಮೇಳದ ಪುನರಾವರ್ತನೆ ಹೆಚ್ಚು.

ತತ್ವಪದಗಳು

ಮೇಳದ ಬೆನ್ನೆಲುಬು ತತ್ವಪದ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಅವಧೂತರು, ಆರೂಢರು, ಸೂಫಿಗಳು ಮತ್ತು ಗೃಹಸ್ಥರಾದ ಅನುಭಾವಿಗಳು ಇವನ್ನು ಕಟ್ಟಿ ಹಾಡಿದರು. ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪ, ಅವರ ಶಿಷ್ಯರಾದ ಚನ್ನೂರ ಜಲಾಲ ಸಾಹೇಬ, ಧಾರವಾಡ ಸೀಮೆಯ ಶಿಶುನಾಳ ಶರೀಫ (1819–1889) ಇವರಲ್ಲಿ ಪ್ರಸಿದ್ಧರು. ಶರೀಫರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಜಲಾಲ ಸಾಹೇಬರ ಗುರು ಮಡಿವಾಳಪ್ಪನವರು ಶರಣರು. ಜಾತಿಯನ್ನೂ ಮಠದ ಅಧಿಕಾರವನ್ನೂ ಪ್ರಶ್ನಿಸಿದ ಪದಗಳು ಹೇರಳವಾಗಿರುವುದರಿಂದ ಅವು ಪಾಠಪುಸ್ತಕಕ್ಕೂ ಸಾಹಿತ್ಯ ಚರಿತ್ರೆಗೂ ಬಹಳ ತಡವಾಗಿ ಪ್ರವೇಶ ಪಡೆದವು.

ತತ್ವಪದದಲ್ಲಿ ಒಂದು ಬಗೆಯ ಗುಟ್ಟೂ ಇದೆ. ಮನೆ, ಮಾಳಿಗೆ, ಕೊಡ, ಬಾವಿ, ಗಿಣಿ, ಗಿರಣಿ ಎಂದು ಹೊರಗೆ ಕಾಣುವ ಮಾತುಗಳ ಒಳಗೆ ದೇಹ, ಉಸಿರು ಮತ್ತು ಗುರುಬೋಧೆಯ ಅರ್ಥವಿರುತ್ತದೆ. ಇಂಥವನ್ನು ಬೆಡಗಿನ ಪದಗಳೆನ್ನುತ್ತಾರೆ. ಅರ್ಥವನ್ನು ಎಲ್ಲರೆದುರು ಬಿಡಿಸುವ ವಾಡಿಕೆ ಇಲ್ಲ. ಹಾಡಿದವನನ್ನು ಮರುದಿನ ಹೊಲದ ಬದುವಿನಲ್ಲಿಯೋ ಚಹಾದ ಅಂಗಡಿಯಲ್ಲಿಯೋ ಹಿಡಿದು ಕೇಳಬೇಕು. ಅವನಿಗೆ ಮನಸ್ಸಿದ್ದರೆ ಹೇಳುತ್ತಾನೆ.

ಪದದ ಕೊನೆಯ ನುಡಿಯಲ್ಲಿ ಬರುವ ಅಂಕಿತದಿಂದ ಅದು ಯಾರದೆಂದು ತಿಳಿಯುತ್ತದೆ. ಶರೀಫರದು ಶಿಶುನಾಳಧೀಶ ಎಂಬ ಅಂಕಿತ. ಹೆಸರು ಕೇಳದ ಚಿಕ್ಕ ಊರುಗಳ ಪದಕಾರರಿಗೂ ತಮ್ಮ ಗುರುವಿನ ಅಥವಾ ಊರದೇವರ ಅಂಕಿತವಿರುತ್ತದೆ. ಅದೊಂದೇ ಅವರ ವಿಳಾಸ.

ಮಾಣಿಕನಗರ

ಹುಮನಾಬಾದಿಗೆ ಹೊಂದಿಕೊಂಡಿರುವ ಮಾಣಿಕನಗರವು ಈ ಸೀಮೆಯ ಸಂಗೀತದ ಇನ್ನೊಂದು ಮೂಲ. ಮಾಣಿಕ ಪ್ರಭುಗಳು (1817–1865) ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಮಾರ್ಗಶಿರ ಹುಣ್ಣಿಮೆಯಂದು, ಅಂದರೆ ದತ್ತ ಜಯಂತಿಯ ದಿನ, ಜನಿಸಿದರು. ಬಾಲ್ಯವನ್ನು ಕಲ್ಯಾಣದಲ್ಲಿ ಕಳೆದು, ಮುಂದೆ ಹುಮನಾಬಾದಿನ ಬಳಿ ನೆಲೆಸಿದರು. ಎಲ್ಲ ಮತಗಳೂ ಸತ್ಯವೆಂದು ಒಪ್ಪುವ ಅವರ ಪಂಥಕ್ಕೆ ಸಕಲಮತ ಸಂಪ್ರದಾಯವೆಂದು ಹೆಸರು. ಅವರ ಪದಗಳು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿವೆ. ಅವರ ಬಳಿಗೆ ಹಿಂದೂಗಳಷ್ಟೇ ಮುಸಲ್ಮಾನರೂ ಬರುತ್ತಿದ್ದರು. ಅವರ ನಂತರದ ಪೀಠಾಧಿಪತಿಗಳಲ್ಲಿ ಮಾರ್ತಾಂಡ ಮಾಣಿಕ ಪ್ರಭುಗಳೂ ಪದ ರಚನೆಗೆ ಹೆಸರಾದವರು.

ದತ್ತ ಜಯಂತಿಯ ಉತ್ಸವದಲ್ಲಿ ಮಾಣಿಕನಗರದಲ್ಲಿ ಸಂಗೀತ ಸೇವೆ ನಡೆಯುತ್ತದೆ. ಹೊರಗಿನಿಂದ ಬರುವ ಶಾಸ್ತ್ರೀಯ ಗಾಯಕರ ಹಾಡನ್ನು ಹಳ್ಳಿಯ ಮೇಳದವರು ಕುಳಿತು ಕೇಳುತ್ತಾರೆ. ಆಮೇಲೆ ತಮ್ಮ ಊರಿಗೆ ಮರಳಿ ಭೈರವಿಯ ಒಂದು ತಿರುವನ್ನು ತಮ್ಮ ಪದಕ್ಕೆ ಹೊಂದಿಸಿಕೊಳ್ಳುತ್ತಾರೆ. ರಾಗದ ಹೆಸರು ಅವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಮೇಳ ಕೂಡುವ ಬಗೆ

ಮೇಳವು ಸಾಮಾನ್ಯವಾಗಿ ಅಮಾವಾಸ್ಯೆಯ ರಾತ್ರಿ, ಶ್ರಾವಣ ಮಾಸದ ಸೋಮವಾರ, ಜಾತ್ರೆಯ ಮುನ್ನಾದಿನ ಅಥವಾ ಯಾರದಾದರೂ ಪುಣ್ಯತಿಥಿಯಂದು ಕೂಡುತ್ತದೆ. ಸಾವಿನ ಮನೆಯಲ್ಲಿ ಶವದ ಮುಂದೆ ರಾತ್ರಿಯಿಡೀ ಭಜನೆ ಮಾಡುವ ಪದ್ಧತಿಯೂ ಇದೆ. ಪೇಟಿ ಎಂದು ಕರೆಯುವ ಹಾರ್ಮೋನಿಯಂ, ತಬಲಾ ಅಥವಾ ಡಗ್ಗಾ, ತಾಳ, ದಮ್ಮಡಿ ಮತ್ತು ಏಕತಾರಿ ಇವು ವಾದ್ಯಗಳು. ಒಬ್ಬನು ಮುಂದೆ ಹಾಡುತ್ತಾನೆ. ಉಳಿದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಪೇಟಿ ಬಾರಿಸುವವನು ದರ್ಜಿಯಾಗಿರಬಹುದು, ಡಗ್ಗಾ ಬಾರಿಸುವವನು ಕೂಲಿಯವನಾಗಿರಬಹುದು. ಹಗಲು ಒಟ್ಟಿಗೆ ಕೂಡದವರು ರಾತ್ರಿ ಒಂದೇ ಜಮಖಾನದ ಮೇಲೆ ಕೂಡುತ್ತಾರೆಂಬುದನ್ನು ಹಲವರು ಹೆಮ್ಮೆಯಿಂದ ಹೇಳುವುದುಂಟು. ಆದರೆ ಎಲ್ಲ ಊರುಗಳಲ್ಲಿಯೂ ಹೀಗೆಯೇ ಎನ್ನಲಾಗದು. ಕೇರಿಗೊಂದು ಪ್ರತ್ಯೇಕ ಮೇಳವಿರುವ ಊರುಗಳೂ ಇವೆ.

ಮೊದಲಿಗೆ ಗಣಪತಿ ಮತ್ತು ಗುರುವಿನ ಸ್ತುತಿ. ಬಳಿಕ ನೀತಿಯ ಪದಗಳು. ಮಕ್ಕಳು ನಿದ್ದೆಹೋದ ಮೇಲೆ ಬೆಡಗಿನ ಪದಗಳು ಹೊರಬರುತ್ತವೆ. ಎರಡು ಮೇಳಗಳು ಕೂಡಿದ್ದರೆ ಸವಾಲ್–ಜವಾಬ್ ನಡೆಯುತ್ತದೆ. ಒಬ್ಬನು ಪದದಲ್ಲಿ ಒಗಟನ್ನು ಒಡ್ಡಿದರೆ ಎದುರಿನವನು ಪದದಿಂದಲೇ ಉತ್ತರಿಸಬೇಕು. ಉತ್ತರದ ಪದ ನೆನಪಾಗದೆ ಸೋತವನು ಎದುರಾಳಿಯಿಂದಲೇ ಆ ಪದವನ್ನು ಬರೆದುಕೊಂಡು ಹೋಗುವುದು ಸಾಮಾನ್ಯ. ಆದ್ದರಿಂದ ಸೋತರೂ ನಷ್ಟವಿಲ್ಲ. ಕೊನೆಗೆ ಬೆಳಗಿನ ಜಾವ ಮಂಗಳಾರತಿ ಹಾಡಿ ಮೇಳವು ಏಳುತ್ತದೆ.

ಕನ್ನಡದ ತತ್ವಪದದ ಬೆನ್ನಿಗೇ ತುಕಾರಾಮರ ಅಭಂಗ ಬರುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸದು. ಪಂಢರಪುರದ ವಾರಿಗೆ ನಡೆದು ಹೋಗುವವರು ಈ ಸೀಮೆಯಲ್ಲಿಯೂ ಇದ್ದಾರೆ. ಉರುಸಿನಲ್ಲಿ ಕೇಳಿದ ಕವ್ವಾಲಿಯ ಲಯ, ಮೊಹರಂ ಪದಗಳ ಏರಿಳಿತ ಇವೂ ಮೇಳದ ಧಾಟಿಯಲ್ಲಿ ಬೆರೆತಿವೆ.

ಪದದ ವಹಿ

ಪ್ರತಿಯೊಬ್ಬ ಹಾಡುಗಾರನ ಬಳಿ ಕೈಬರಹದ ಒಂದು ವಹಿ ಇರುತ್ತದೆ. ಇದನ್ನು ಸಂಗ್ರಹವೆನ್ನುವುದಕ್ಕಿಂತ ಆ ವ್ಯಕ್ತಿಯ ರುಚಿಯ ದಾಖಲೆಯೆನ್ನುವುದು ಸರಿ. ಒಬ್ಬನ ವಹಿಯಲ್ಲಿ ಬೆಡಗಿನ ಪದಗಳೇ ತುಂಬಿರುತ್ತವೆ. ಇನ್ನೊಬ್ಬನದರಲ್ಲಿ ಸಾವು ಮತ್ತು ಕಾಯದ ಅನಿತ್ಯತೆಯ ಪದಗಳು. ಮತ್ತೊಬ್ಬನು ಮಾಣಿಕ ಪ್ರಭುಗಳ ಪದವನ್ನಲ್ಲದೆ ಬೇರೇನನ್ನೂ ಬರೆದುಕೊಂಡಿರುವುದಿಲ್ಲ. ಪದದ ನೆತ್ತಿಯ ಮೇಲೆ ‘ಚಾಲ್’ ಅಥವಾ ‘ಧಾಟಿ’ ಎಂದು ಬರೆದು, ಯಾವ ಪರಿಚಿತ ಹಾಡಿನ ಮಟ್ಟಿನಲ್ಲಿ ಇದನ್ನು ಹಾಡಬೇಕೆಂದು ಸೂಚಿಸಿರುತ್ತಾರೆ. ಆ ಪರಿಚಿತ ಹಾಡು ನಾಟಕದ್ದಿರಬಹುದು, ಮರಾಠಿ ಅಭಂಗವಿರಬಹುದು, ಹಳೆಯ ಹಿಂದಿ ಚಿತ್ರಗೀತೆಯೂ ಇರಬಹುದು. ಸ್ವರಲಿಪಿ ಇಲ್ಲದ ಈ ಪರಂಪರೆಗೆ ಇದೇ ಸ್ವರಲಿಪಿ. ಆದರೆ ಸೂಚಿಸಿದ ಮೂಲ ಹಾಡನ್ನು ಮುಂದಿನ ತಲೆಮಾರು ಮರೆತರೆ ಪದದ ಮಟ್ಟೂ ಕೈಬಿಟ್ಟುಹೋಗುತ್ತದೆ.

ವಹಿಯನ್ನು ಕೊಡುವುದು ನಂಬಿಕೆಯ ವಿಷಯ. ಕೇಳಿದ ಕೂಡಲೇ ಕೊಡುವವರು ವಿರಳ. ಕೆಲವರು ಒಂದು ಪದಕ್ಕೆ ಒಂದು ಪದವೆಂದು ವಿನಿಮಯ ಮಾಡುತ್ತಾರೆ. ಹಾಡುಗಾರನ ಮರಣಾನಂತರ ವಹಿಗಳು ಅಟ್ಟ ಸೇರಿ ಗೆದ್ದಲಿಗೆ ಆಹಾರವಾದ ಉದಾಹರಣೆಗಳು ಪ್ರತಿ ಊರಿನಲ್ಲಿಯೂ ಸಿಗುತ್ತವೆ. ಶಾಲಾ ಮಕ್ಕಳ ನೋಟುಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಲೆಕ್ಕದ ಬದಲು ಪದಗಳನ್ನು ಕಂಡ ಮಾಸ್ತರರು ಈ ಭಾಗದಲ್ಲಿ ಹಲವರಿದ್ದಾರೆ. ಅಂಥ ಮಕ್ಕಳನ್ನು ಗದರಿಸಿದ್ದು ತಪ್ಪೆಂದು ಅವರಿಗೆ ನಿವೃತ್ತಿಯ ನಂತರ ಅನಿಸಿದರೆ ಆಶ್ಚರ್ಯವಿಲ್ಲ.

ರೇಡಿಯೋ, ಕ್ಯಾಸೆಟ್ಟು, ಮೊಬೈಲು

ಕಲಬುರಗಿಯ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ಈ ಸೀಮೆಯ ಹಾಡುಗಾರರಿಗೆ ತಮ್ಮ ದನಿಯನ್ನು ದೂರದವರೂ ಕೇಳುವ ಅವಕಾಶ ಒದಗಿತು. ಆದರೆ ರೇಡಿಯೋಗೆ ಕಾಲಮಿತಿಯಿದೆ. ಮೇಳದಲ್ಲಿ ಅರ್ಧ ತಾಸು ನಡೆಯುವ ಪದವನ್ನು ಕೆಲವೇ ನಿಮಿಷಗಳಿಗೆ ಇಳಿಸಬೇಕಾಯಿತು.

1980ರ ದಶಕದಲ್ಲಿ ಟೇಪ್ ರೆಕಾರ್ಡರು ಅಗ್ಗವಾದಾಗ ವಹಿಯ ಕೆಲಸವನ್ನು ಕ್ಯಾಸೆಟ್ಟು ವಹಿಸಿಕೊಂಡಿತು. ಮೇಳದ ನಡುವೆ ಟೇಪನ್ನಿಟ್ಟು ಧ್ವನಿಮುದ್ರಿಸಿಕೊಳ್ಳುವುದು, ಅದನ್ನು ನೆಂಟರಿಗೆ ಕೊಡುವುದು, ಅವರು ಇನ್ನೊಂದು ಪ್ರತಿ ಮಾಡಿಸುವುದು ನಡೆಯಿತು. ಕೆಮ್ಮು, ನಾಯಿ ಬೊಗಳುವ ಸದ್ದು, ‘ಇನ್ನೊಮ್ಮೆ ಹೇಳ್ರಿ’ ಎಂಬ ಕೂಗು ಎಲ್ಲವೂ ಅದರಲ್ಲಿ ಸೇರಿರುತ್ತಿದ್ದವು. ದುಡಿಯಲು ಹೈದರಾಬಾದ್, ಪುಣೆ, ಮುಂಬೈಗಳಿಗೆ ಹೋದವರು ಇಂಥ ಕ್ಯಾಸೆಟ್ಟುಗಳನ್ನು ಜೊತೆಗೆ ಒಯ್ದರು. ಮಾರುಕಟ್ಟೆಯ ಕ್ಯಾಸೆಟ್ಟಿನಲ್ಲಿ ದೊರೆಯದ ಚಿಕ್ಕ ಪದಕಾರರ ರಚನೆಗಳು ಉಳಿದಿರುವುದು ಬಹುಪಾಲು ಇವುಗಳಲ್ಲಿಯೇ. ಆ ಟೇಪುಗಳು ಈಗ ಬೂಷ್ಟು ಹಿಡಿದು ಹಾಳಾಗುತ್ತಿವೆ.

ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲ ಬಂತು. ಈಗ ವಾಟ್ಸ್ಯಾಪ್ ಮತ್ತು ಯೂಟ್ಯೂಬುಗಳಿವೆ. ಹಂಚಿಕೆ ಸುಲಭವಾಗಿದೆ. ತೊಡಕಿರುವುದು ಬೇರೆಡೆ. ತುಣುಕುಗಳಾಗಿ ಹರಿದಾಡುವ ಪದದಲ್ಲಿ ಕೊನೆಯ ನುಡಿ ಕತ್ತರಿಸಿ ಹೋಗಿರುತ್ತದೆ. ಕೊನೆಯ ನುಡಿ ಹೋದರೆ ಅಂಕಿತ ಹೋಯಿತು. ಅಂಕಿತ ಹೋದರೆ ಕರ್ತೃವೇ ಹೋದಂತೆ. ಹೀಗೆ ಅನಾಥವಾದ ಪದಗಳನ್ನು ಜನರು ತಮಗೆ ಗೊತ್ತಿರುವ ದೊಡ್ಡ ಹೆಸರಿಗೆ, ಸಾಮಾನ್ಯವಾಗಿ ಶರೀಫರಿಗೆ, ಆರೋಪಿಸುತ್ತಾರೆ. ಪದಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಪೂರ್ಣ ಪಾಠ, ಹಾಡಿದವರ ಊರು ಮತ್ತು ಕಲಿಸಿದವರ ಹೆಸರು ಈ ಮೂರನ್ನೂ ಬರೆದಿಟ್ಟುಕೊಳ್ಳುವುದು ಅವಶ್ಯಕ.

ಜನಪ್ರಿಯ ಸಂಗೀತದಲ್ಲಿ

ಶರೀಫರ ಪದಗಳು ಸಿ. ಅಶ್ವತ್ಥ್ ಅವರ ಸಂಗೀತದಿಂದಲೂ ಟಿ. ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಿತ್ರದಿಂದಲೂ ನಾಡಿನಾದ್ಯಂತ ಹರಡಿದವು. 2008ರಲ್ಲಿ ಹೊರಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಗಳು ಗಿಟಾರಿನೊಂದಿಗೆ ಕಾಣಿಸಿಕೊಂಡವು. ಬೆಂಗಳೂರಿನ ಸ್ವರಾತ್ಮ ತಂಡವೂ ಜನಪದದ ಧಾಟಿಯನ್ನು ರಾಕ್ ಸಂಗೀತಕ್ಕೆ ಬೆಸೆಯಿತು. ನಗರದ ಯುವಕರು ಇದನ್ನು ಪರ್ಯಾಯ ಸಂಗೀತವೆಂದು ಕರೆಯುತ್ತಾರೆ. ಮೇಳದ ಹಿರಿಯರಲ್ಲಿ ಈ ಬಗ್ಗೆ ಎರಡು ಮಾತುಗಳಿವೆ: ಪದವು ಬದುಕಿದರೆ ಸಾಕೆನ್ನುವವರು ಕೆಲವರು, ಅಬ್ಬರದಲ್ಲಿ ಮಾತು ಕೇಳದೆ ಹೋಗುತ್ತದೆನ್ನುವವರು ಹಲವರು. ಎರಡನೆಯ ಆಕ್ಷೇಪವು ಇಂದಿನ ಜಾತ್ರೆಗಳ ಡಿಜೆ ಅಬ್ಬರಕ್ಕೆ ಹೆಚ್ಚು ಅನ್ವಯಿಸುತ್ತದೆ. ಡಿಜೆ ಇರುವೆಡೆ ಭಜನೆ ಒಂದು ಗಂಟೆಗೆ ಮುಗಿಯುತ್ತದೆ.

ಸಂಗ್ರಹ ಮತ್ತು ಅಧ್ಯಯನ

ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ತತ್ವಪದಗಳನ್ನು ಹಲವು ಸಂಪುಟಗಳಲ್ಲಿ ಪ್ರಕಟಿಸಿದೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿಯೂ ಈ ಭಾಗದ ತತ್ವಪದಕಾರರನ್ನು ಕುರಿತ ಅಧ್ಯಯನಗಳು ನಡೆದಿವೆ. ಮುದ್ರಣದಲ್ಲಿ ಪದದ ಮಾತು ಉಳಿಯುತ್ತದೆ. ಮಟ್ಟು ಉಳಿಯಬೇಕಾದರೆ ಹಾಡುವವರ ಪಕ್ಕದಲ್ಲಿ ಕುಳಿತು ಧ್ವನಿಮುದ್ರಿಸಿಕೊಳ್ಳಬೇಕು. ವಹಿಗಳನ್ನು ಮರಳಿಸುವ ಭರವಸೆ ಕೊಟ್ಟು ಪಡೆದು, ಛಾಯಾಚಿತ್ರ ತೆಗೆದು, ನಿಜವಾಗಿಯೂ ಮರಳಿಸಬೇಕು. ಹಿಂದೆ ಸಂಗ್ರಹಕ್ಕೆಂದು ಬಂದು ವಹಿ ಒಯ್ದು ಹಿಂದಿರುಗಿಸದವರ ನೆನಪು ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ.