ರಾತ್ರಿ ಶಾಲೇಲಿ ತೂಕಡಿಸೋರು



ಬಂಗಾರಪೇಟೆಯಲ್ಲಿ ನಾವು ನಡೆಸೋ ಸಂಜೆ ಕ್ಲಾಸಿಗೆ ಬರೋರು ಬೆಂಗಳೂರು ಟ್ರೇನಿಂದ ಇಳಿದು ನೇರ ಬಂದು ಕೂರ್ತಾರೆ. ಮೊದಲ ತಿಂಗಳು ಅರ್ಧ ಜನ ತೂಕಡಿಸ್ತಿದ್ರು. "ಇವರಿಗೆ ಆಸಕ್ತಿ ಇಲ್ಲ" ಅಂತ ನಾನೇ ಅಂದುಬಿಟ್ಟೆ. ಆಮೇಲೆ ಪಕ್ಕದ ಕೆಜಿಎಫ್ ಚರಿತ್ರೆ ನೆನೆದು ನಾಚಿಕೆ ಆಯ್ತು.

ಅಲ್ಲಿನ ಗಣಿ ಕಾರ್ಮಿಕರಲ್ಲಿ ಹೆಚ್ಚಿನವರು ಆರ್ಕಾಟ್ ಕಡೆಯಿಂದ ಬಂದ ದಲಿತರು. 1907ರ ಹೊತ್ತಿಗೇ ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಶುರುವಾಗಿತ್ತು. ಬಾಬಾಸಾಹೇಬರು ಧಮ್ಮ ಸ್ವೀಕರಿಸಿದ್ದು 1956ರಲ್ಲಿ. ಕೆಜಿಎಫ್‌ನ ಬೌದ್ಧರು ದುಡಿಯೋರಿಗೆ ರಾತ್ರಿ ಶಾಲೆ ನಡೆಸಿದರು. ಭೂಮಿಯೊಳಗೆ ಬಂಡೆ ಕೊರೆದು ಬಂದವರಿಗೆ ಅಕ್ಷರದ ಜೊತೆ ಭಾಷಣ, ಜಾತಿ ಬಗ್ಗೆ ಚರ್ಚೆ, ಅಯೋತಿದಾಸರ 'ತಮಿಳನ್' ಪತ್ರಿಕೆ ಇತ್ತು. ಓದಲು ಕಲಿತ್ರೆ ಓದೋಕೆ ತಮ್ಮದೇ ವಿಷಯ ಇತ್ತು. 1930ರಲ್ಲಿ ಬೆರಳಚ್ಚು ತಗೊಂಡು ನೋಂದಣಿ ಮಾಡ್ತೀವಿ ಅಂದಾಗ ಇದೇ ಗಣಿಗಳ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು.

ನಾವೂ ಕ್ಲಾಸ್ ಬದಲಾಯಿಸಿದ್ವಿ. ಮೊದಲು ಟೀ, ಹತ್ತು ನಿಮಿಷ ಆ ದಿನದ ಕಷ್ಟಸುಖ, ಒಂದು ಹೋರಾಟದ ಹಾಡು. ಆಮೇಲೆ ಪಾಠ: ರೇಷನ್ ಕಾರ್ಡು, ಸಂಬಳದ ಚೀಟಿ, ಪಿಎಫ್ ಅರ್ಜಿ.

ತೂಕಡಿಕೆ ಪೂರ್ತಿ ಹೋಗಿಲ್ಲ. ಆದ್ರೆ ಮೊನ್ನೆ ಒಬ್ಬ ಅಕ್ಕ ತನ್ನ ಚೀಟಿ ಓದಿ, "ಈ ದುಡ್ಡು ಯಾಕೆ ಹಿಡ್ಕೊಂಡಿದಾರೆ ಸಾರ್?" ಅಂದ್ರು. ಎಲ್ಲರೂ ಎದ್ದು ಕೂತು ತಮ್ಮತಮ್ಮ ಚೀಟಿ ತೆಗೆದ್ರು.

ವಯಸ್ಕರಿಗೆ ಪಾಠ ಹೇಳೋ ಗೆಳೆಯರೇ, ತೂಕಡಿಸೋರನ್ನ ಬೈಬೇಡಿ. ಇವತ್ತು ಎಷ್ಟು ಗಂಟೆ ದುಡಿದ್ರಿ ಅಂತ ಮೊದಲು ಕೇಳಿ.